ಮೇ ಫ್ಲವರ್ ಗಡ್ಡೆಯನ್ನು ಒಣಗಲು ಬಿಡಿ

ಕೃತ್ತಿಕೆ ಮಳೆಯ ಹೊತ್ತಿಗೆ ಬರಿ ನೆಲದಿಂದ ದಪ್ಪ ದಂಟೊಂದು ಮೇಲೆದ್ದು, ತುದಿಯಲ್ಲಿ ಕೆಂಪು ಚೆಂಡಿನಂಥ ಹೂಗೊಂಚಲನ್ನು ಹೊರುವ ಗಿಡವನ್ನು ನಮ್ಮ ಶಿರಸಿ, ಸಿದ್ದಾಪುರದ ಅಂಗಳಗಳಲ್ಲಿ ಮೇ ಫ್ಲವರ್ ಎಂದು ಕರೆಯುತ್ತಾರೆ. ಸಸ್ಯಶಾಸ್ತ್ರದಲ್ಲಿ ಇದು ಸ್ಕ್ಯಾಡಾಕ್ಸಸ್ ಮಲ್ಟಿಫ್ಲೋರಸ್. ಹಿಮ್ಯಾಂಥಸ್ ಎಂಬ ಹಿಂದಿನ ಹೆಸರೂ ನರ್ಸರಿಗಳಲ್ಲಿ ಇನ್ನೂ ಬಳಕೆಯಲ್ಲಿದೆ. ಒಂದೇ ಗೊಂಚಲಿನಲ್ಲಿ 200ರವರೆಗೂ ಕಿರುಹೂಗಳಿರಬಹುದು. ಸಹಾರಾದಿಂದ ದಕ್ಷಿಣಕ್ಕಿರುವ ಆಫ್ರಿಕಾ ಇದರ ತವರು. ಮಳೆಯಲ್ಲಿ ಬೆಳೆದು ಒಣಗಾಲದಲ್ಲಿ ಮಲಗುವ ಅಭ್ಯಾಸವನ್ನು ಅಲ್ಲಿಂದಲೇ ತಂದಿರುವ ಗಡ್ಡೆ ಇದಾದ್ದರಿಂದ, ನೀರು ಕೊಡುವುದಕ್ಕಿಂತ ನೀರು ತಪ್ಪಿಸುವುದೇ ಇದರ ಆರೈಕೆಯಲ್ಲಿ ಮುಖ್ಯ.

ಗಡ್ಡೆ ನೆಡಲು ಫೆಬ್ರುವರಿಯಿಂದ ಏಪ್ರಿಲ್‌ವರೆಗೆ, ಅಂದರೆ ಅದು ಇನ್ನೂ ಮಲಗಿರುವಾಗಲೇ, ಸರಿಯಾದ ಸಮಯ. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಹೊಳೆಯ ಮರಳು, ಒಂದು ಪಾಲು ಪೂರ್ತಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಬೆರೆಸಿ, ಗಡ್ಡೆಯ ಕುತ್ತಿಗೆ ಮಣ್ಣಿನ ಮಟ್ಟಕ್ಕೆ ಬರುವಂತೆ ಕೂರಿಸಬೇಕು. ಹಸಿ ಸಗಣಿಯನ್ನು ಹತ್ತಿರವೂ ತರಬಾರದು. ಕಾರವಾರ, ಅಂಕೋಲೆಯ ಕಡೆ ನೀರು ತಾನಾಗಿಯೇ ಬಸಿದುಹೋಗುತ್ತದೆಯಾದರೂ ಸಮುದ್ರದ ಮರಳಿನಲ್ಲಿ ಉಪ್ಪಿರುವುದರಿಂದ ಅದನ್ನು ಕುಂಡಕ್ಕೆ ಹಾಕದೆ, ತರಗೆಲೆಯ ಗೊಬ್ಬರವನ್ನು ಸ್ವಲ್ಪ ಹೆಚ್ಚಿಸುವುದು ಒಳ್ಳೆಯದು. ಘಟ್ಟದ ಮೇಲಿನ ಜಿಗುಟು ಮಣ್ಣಿನಲ್ಲಾದರೆ ಅರ್ಧ ಅಡಿ ಎತ್ತರದ ಮಡಿ ಮಾಡಲೇಬೇಕು. ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನ ನೆರಳಾಗುವ ಜಾಗ ಇದಕ್ಕೆ ಹಿತ. ಸೂರಿನ ನೀರು ಧಾರೆಯಾಗಿ ಬೀಳುವ ಕಡೆ ನೆಟ್ಟ ಗಡ್ಡೆ ಆಷಾಢ ಮುಗಿಯುವುದರೊಳಗೆ ಕೊಳೆಯುತ್ತದೆ.

ಹೂ ಒಂದೆರಡು ವಾರದಲ್ಲಿ ಬಾಡಿದ ಮೇಲೆ ಅಗಲವಾದ ಎಲೆಗಳು ಹರಡಿಕೊಳ್ಳುತ್ತವೆ. ಬಹಳ ಜನ ಹೂ ಮುಗಿಯಿತೆಂದು ಗಿಡವನ್ನು ಮೂಲೆಗೆ ತಳ್ಳಿ ಮರೆಯುತ್ತಾರೆ, ಕೆಲವರು ಅಂದಕ್ಕೆಂದು ಎಲೆಯನ್ನೇ ಕತ್ತರಿಸುತ್ತಾರೆ. ಮುಂದಿನ ವರ್ಷದ ಹೂವಿಗೆ ಬೇಕಾದ ಆಹಾರವೆಲ್ಲ ಈ ಎಲೆಗಳಿಂದಲೇ ಗಡ್ಡೆಗೆ ಇಳಿಯಬೇಕಾದ್ದರಿಂದ, ಅವು ಹಳದಿಯಾಗಿ ತಾವೇ ಬೀಳುವವರೆಗೆ ಕತ್ತರಿ ಮುಟ್ಟಿಸಬಾರದು. ಮಳೆ ಬಿಡುವು ಕೊಟ್ಟ ದಿನಗಳಲ್ಲಿ ತೆಳುವಾದ ಸಗಣಿ ಗೊಬ್ಬರದ ತಿಳಿಯನ್ನು ಹದಿನೈದು ದಿನಕ್ಕೊಮ್ಮೆ ಕೊಟ್ಟರೆ ಸಾಕು. ಪುಷ್ಯ ಮಳೆ ಬಿಡದೆ ಸುರಿಯುವಾಗ ಕುಂಡಗಳನ್ನು ಜಗಲಿಯ ಅಂಚಿಗೆ ತಂದಿಡುವುದು ಕ್ಷೇಮ.

ಸ್ವಾತಿ ಮಳೆ ಕಳೆದು ಎಲೆ ಹಳದಿಯಾಗತೊಡಗಿದಾಗ ನೀರನ್ನು ಕಡಿಮೆ ಮಾಡುತ್ತ ಬಂದು, ಡಿಸೆಂಬರ್‌ನ ಹೊತ್ತಿಗೆ ಪೂರ್ತಿ ನಿಲ್ಲಿಸಿ, ಕುಂಡವನ್ನು ಕೊಟ್ಟಿಗೆಯ ಮಾಡಿನಡಿಯಲ್ಲಿ, ದನಗಳಿಗೆ ಎಟುಕದ ಕಡೆ, ಅಡ್ಡ ಮಲಗಿಸಿಡಿ. ನೆಲದಲ್ಲಿದ್ದರೆ ತೋಟದ ಸ್ಪ್ರಿಂಕ್ಲರ್ ನೀರು ಅಲ್ಲಿಗೆ ತಾಗದಂತೆ ನೋಡಿಕೊಳ್ಳಬೇಕು. ವರ್ಷವರ್ಷವೂ ಗಡ್ಡೆ ಕಿತ್ತು ನೋಡುವ ಕುತೂಹಲ ಬೇಡ. ಬೇರು ಕದಲಿದ ಗಿಡ ಮರುವರ್ಷ ಹೂ ಬಿಡಲು ಹಿಂದೆಗೆಯುತ್ತದೆ. ಮೂರು ನಾಲ್ಕು ವರ್ಷಕ್ಕೊಮ್ಮೆ ಮರಿಗಡ್ಡೆ ಬೇರ್ಪಡಿಸಿದರೆ ನೆರೆಮನೆಯವರಿಗೂ ಹಂಚಬಹುದು. ಬೀಜದಿಂದಲೂ ಬರುತ್ತದೆ, ಆದರೆ ಹೂ ಕಾಣಲು ಕೆಲವು ವರ್ಷಗಳ ತಾಳ್ಮೆ ಬೇಕು.

ಮಳೆಗಾಲದಲ್ಲಿ ಲಿಲಿ ಜಾತಿಯ ಗಿಡಗಳಿಗೆ ಬೀಳುವ, ಕಪ್ಪು ಮೈಮೇಲೆ ಬಣ್ಣದ ಚುಕ್ಕೆಗಳಿರುವ, ಕಂಬಳಿಹುಳುವಿನಂಥ ರೋಮವಿಲ್ಲದ ಹುಳುಗಳು ಕಂಡರೆ ಔಷಧಿ ಹುಡುಕುವ ಮೊದಲು ಕೈಯಿಂದಲೇ ಆರಿಸಿ ಸೋಪಿನ ನೀರಿಗೆ ಹಾಕಿ. ಬೇವಿನೆಣ್ಣೆ ಸಿಂಪಡಿಸಬಹುದಾದರೂ ನಮ್ಮ ಮಳೆ ಅದನ್ನು ಎಲೆಯ ಮೇಲೆ ನಿಲ್ಲಗೊಡುವುದಿಲ್ಲ.

ಇನ್ನೊಂದು ಎಚ್ಚರಿಕೆ. ಈ ಗಡ್ಡೆ ವಿಷ. ಆಫ್ರಿಕಾದಲ್ಲಿ ಇದನ್ನು ಬಾಣಕ್ಕೆ ಸವರುವ ನಂಜಿಗೂ ಬಳಸಿದ್ದಾರೆ. ದನಕರುಗಳಿಗೂ ಮಕ್ಕಳಿಗೂ ಸಿಗದಂತೆ ಇಡಬೇಕು, ಮುಟ್ಟಿದ ಕೈಯನ್ನು ಚೆನ್ನಾಗಿ ತೊಳೆಯಬೇಕು. ಕಿತ್ತ ಗಡ್ಡೆ ನೋಡಲು ಈರುಳ್ಳಿಯನ್ನೇ ಹೋಲುವುದರಿಂದ, ಬೇಸಿಗೆಯಲ್ಲಿ ಕುಮಟೆಯ ಸಿಹಿ ಈರುಳ್ಳಿಯ ಗೊಂಚಲು ತೂಗುಹಾಕುವ ಅಡುಗೆಮನೆಯ ಅಟ್ಟದಲ್ಲಿ ಇದನ್ನು ಎಂದಿಗೂ ಇಡದೆ, ಬೇರೆ ಬುಟ್ಟಿಯಲ್ಲಿ ಒಣ ಮರಳಿನೊಳಗೆ ಹುದುಗಿಸಿ, ಮೇಲೆ ಹೆಸರು ಬರೆದ ಚೀಟಿ ಕಟ್ಟಿ ಹೊರಗಿನ ಕೊಟ್ಟಿಗೆಯಲ್ಲೇ ದನಗಳಿಗೆ ಎಟುಕದ ಕಡೆ ಇಡಿ.