ಶಂಟ್ ಬದಲು ಎಂಡೋಸ್ಕೋಪಿ: ಮೊದಲ ಲೆಕ್ಕ, ಆಪರೇಷನ್, ಆಮೇಲಿನ ಆರು ತಿಂಗಳು

ಕೂಸಿನ ತಲೆಯಲ್ಲಿ ನೀರು ತುಂಬಿದಾಗ (ಹೈಡ್ರೋಸೆಫಾಲಸ್) ಅದನ್ನು ಹೊರಗೆ ಹರಿಸಲು ಒಳಗೆ ಕೂರಿಸುವ ಕೊಳವೆ, ಅಂದರೆ ಶಂಟ್, ಯಾವಾಗ ಬೇಕಾದರೂ ಕಟ್ಟಿಕೊಳ್ಳಬಹುದು, ಸೋಂಕು ಹಿಡಿಯಬಹುದು. ಹತ್ತಿರದಲ್ಲಿ ನ್ಯೂರೋಸರ್ಜನ್ ಇಲ್ಲದ ಕಡೆ ಅದು ಪ್ರಾಣಕ್ಕೇ ಕುತ್ತು. ಉಗಾಂಡಾದ ಎಂಬಾಲೆಯಲ್ಲಿ ನ್ಯೂರೋಸರ್ಜನ್ ಬೆಂಜಮಿನ್ ವಾರ್ಫ್ ಇಟಿವಿ-ಸಿಪಿಸಿ ಜೋಡಿಯನ್ನು ಬೆಳೆಸಿದ್ದು ಅದಕ್ಕೇ. ಇಟಿವಿ ಎಂದರೆ ಎಂಡೋಸ್ಕೋಪ್ (ಕ್ಯಾಮೆರಾ ಇರುವ ಸಣ್ಣ ಕೊಳವೆ) ಬಳಸಿ ಮಿದುಳಿನ ಮೂರನೇ ಕುಹರದಲ್ಲಿ (ನೀರಿರುವ ಒಳಕೋಣೆ) ತೂತು ಮಾಡಿ ನೀರಿಗೆ ದಾರಿ ಕೊಡುವುದು; ಸಿಪಿಸಿ ಎಂದರೆ ನೀರು ಒಸರುವ ಅಂಗಾಂಶವನ್ನು ಸುಡುವುದು.

ಮೊದಲು ಇಟಿವಿ ಸಕ್ಸೆಸ್ ಸ್ಕೋರ್ ಹಾಕಿ ನೋಡಿ. ವಯಸ್ಸು 1 ತಿಂಗಳೊಳಗಿದ್ದರೆ 0, 6ರೊಳಗೆ 10, 12ರೊಳಗೆ 30. ಕಾರಣ ಸೋಂಕಾದರೆ 0, ಸ್ಪೈನಾ ಬೈಫಿಡಾ (ಹುಟ್ಟಿನಿಂದಲೇ ಬೆನ್ನುಹುರಿ ಸರಿಯಾಗಿ ಮುಚ್ಚದಿರುವುದು) ಅಥವಾ ಕುಹರದೊಳಗಿನ ರಕ್ತಸ್ರಾವವಾದರೆ 20, ಅಕ್ವಡಕ್ಟ್ (ಮೂರನೇ, ನಾಲ್ಕನೇ ಕುಹರಗಳ ನಡುವಿನ ಕಿರುದಾರಿ) ಕಿರಿದಾಗಿದ್ದರೆ 30. ಹಿಂದೆ ಶಂಟ್ ಹಾಕಿರದಿದ್ದರೆ ಇನ್ನೊಂದು 10. ಶಂಟ್ ಹಾಕಿರದ, ಅಕ್ವಡಕ್ಟ್ ಕಿರಿದಾದ 4 ತಿಂಗಳ ಕೂಸಿಗೆ ಒಟ್ಟು 50. ಅಂದರೆ ಬರೀ ಇಟಿವಿ ಮಾಡಿದರೆ 6 ತಿಂಗಳ ಯಶಸ್ಸಿನ ಸಾಧ್ಯತೆ ಸುಮಾರು ಶೇ. 50. ಎಳೆಗೂಸುಗಳಿಗೆ ಸಿಪಿಸಿ ಸೇರಿಸುವುದು ಈ ಅಂಕ ಇಷ್ಟು ಕಡಿಮೆ ಇರುವುದರಿಂದಲೇ. ಎಂಆರ್‌ಐಯಲ್ಲಿ ಮಿದುಳುಕಾಂಡದ ಮುಂದಿನ ಜಾಗ ಗಾಯದ ಕಲೆಯಿಂದ ಮುಚ್ಚಿದೆಯೇ ಎಂದೂ ಡಾಕ್ಟರನ್ನು ಕೇಳಿ. ಮುಚ್ಚಿದ್ದರೆ ತೂತು ಮಾಡಿದರೂ ನೀರು ಹರಿಯುವುದು ಕಷ್ಟ.

ಆಪರೇಷನ್‌ನಲ್ಲಿ ನೆತ್ತಿಯ ಮೆತ್ತನೆ ಭಾಗದ ಬದಿಯಿಂದ ಎಂಡೋಸ್ಕೋಪ್ ಒಳಗೆ ಹೋಗುತ್ತದೆ. ಪಕ್ಕದ ಕುಹರದಿಂದ ಮೂರನೇ ಕುಹರಕ್ಕೆ ಹೋಗುವ ಮೋನ್ರೋ ರಂಧ್ರ ದಾಟಿ, ಮೂರನೇ ಕುಹರದ ನೆಲದಲ್ಲಿ ತೂತು ಮಾಡಿ ಹಿಗ್ಗಿಸುತ್ತಾರೆ. ಮಿದುಳಿಗೆ ರಕ್ತ ಒಯ್ಯುವ ಬೇಸಿಲರ್ ಅಪಧಮನಿ ಅದರ ಕೆಳಗೇ ಇರುವುದರಿಂದ ಅತಿ ಎಚ್ಚರದ ಹಂತ ಇದು. ನೆಲದಡಿಯ ಲಿಲಿಕ್ವಿಸ್ಟ್ ಪೊರೆ ತೆರೆಯದೆ ಉಳಿದರೆ ಮೇಲಿನ ತೂತು ವ್ಯರ್ಥ. ಆಮೇಲೆ ನೀರು ಒಸರುವ ಕೋರಾಯ್ಡ್ ಪ್ಲೆಕ್ಸಸ್ಸನ್ನು ಎರಡೂ ಕಡೆ, ಟೆಂಪೊರಲ್ ಕೊಂಬಿನವರೆಗೆ (ಪಕ್ಕದ ಕುಹರದ ಕಿವಿಯ ಕಡೆಯ ಚಾಚು) ಸುಡುತ್ತಾರೆ. ಎಷ್ಟು ಸುಟ್ಟಿರಿ ಎಂದು ಕೇಳಲು ಸಂಕೋಚ ಬೇಡ. ಅರ್ಧಂಬರ್ಧ ಸುಟ್ಟರೆ ಸೋಲುವ ಸಂಭವ ಹೆಚ್ಚು.

ಇದು ಶಂಟ್‌ಗಿಂತ ಮೇಲು ಎಂದೇನಲ್ಲ. ಉಗಾಂಡಾದಲ್ಲಿ ಸೋಂಕಿನಿಂದ ನೀರು ತುಂಬಿದ 100 ಕೂಸುಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 12 ತಿಂಗಳಿಗೆ ಬುದ್ಧಿ ಬೆಳವಣಿಗೆಯಲ್ಲಿ ಎರಡಕ್ಕೂ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ಸೋಲು ಬಹುತೇಕ ಮೊದಲ 6 ತಿಂಗಳಲ್ಲೇ ಬರುತ್ತದೆ. ಆದ್ದರಿಂದ ವಾರಕ್ಕೊಮ್ಮೆ ತಲೆಯ ಸುತ್ತಳತೆ ತೆಗೆಯಿರಿ: ಹಿಗ್ಗದ ಟೇಪ್, ಹುಬ್ಬಿನ ಮೇಲಿಂದ ಹಿಂದಲೆಯ ಉಬ್ಬಿನ ಮೇಲೆ, ಮೂರು ಸಲ ಅಳೆದು ದೊಡ್ಡದನ್ನು ಬರೆದಿಡಿ. ದಿನ ತುಂಬಿ ಹುಟ್ಟಿದ ಕೂಸಿಗೆ ಮೊದಲ 3 ತಿಂಗಳು ತಿಂಗಳಿಗೆ 2 ಸೆಂ.ಮೀ., ನಂತರದ ಮೂರರಲ್ಲಿ 1 ಸೆಂ.ಮೀ. ಸಹಜ. ಸ್ಕ್ಯಾನ್‌ನಲ್ಲಿ ಕುಹರ ದೊಡ್ಡದಾಗಿಯೇ ಕಂಡರೆ ಗಾಬರಿ ಬೇಡ, ಶಂಟ್ ಹಾಕಿದಾಗಿನಷ್ಟು ಅದು ಕುಗ್ಗುವುದಿಲ್ಲ. ಆದರೆ ಕೂತಿರುವಾಗಲೂ ನೆತ್ತಿ ಉಬ್ಬಿದ್ದರೆ, ಕಣ್ಣು ಕೆಳಗೇ ಇಳಿದಿದ್ದರೆ, ವಾಂತಿ ನಿಲ್ಲದಿದ್ದರೆ, ಗಾಯದಿಂದ ನೀರು ಸೋರಿದರೆ ಬೆಳಗಾಗುವವರೆಗೆ ಕಾಯದೆ ಅದೇ ರಾತ್ರಿ ಆಸ್ಪತ್ರೆಗೆ ಹೊರಡಿ.