ಅಂಬಾಸಿಡರ್ ಎಂಜಿನ್ ಮನೆಯಲ್ಲೇ ಜೋಡಿಸಿದೆ

ಅಪ್ಪನ ಕಾರು 1978ರ ಅಂಬಾಸಿಡರ್ ಮಾರ್ಕ್ 3. 1489 ಸಿಸಿ ಪೆಟ್ರೋಲ್ ಎಂಜಿನ್. ಹೊಗೆ ಜಾಸ್ತಿಯಾಗಿ, ಆಯಿಲ್ ಕುಡಿಯಲು ಶುರು ಮಾಡಿದಾಗ ತುಮಕೂರಿನ ನಮ್ಮ ಮನೆಯ ಶೆಡ್ಡಿನಲ್ಲೇ ಎಂಜಿನ್ ಇಳಿಸಿ ಬಿಚ್ಚಿದೆ. ಬೋರಿಂಗ್ (ಸಿಲಿಂಡರ್ ಕೊರೆಯುವುದು) ಮತ್ತು ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) ಗ್ರೈಂಡಿಂಗ್ ಮಾತ್ರ ಲೇತ್‌ನವರಿಗೆ ಕೊಟ್ಟೆ. ಪಿಸ್ಟನ್, ರಿಂಗ್, ಬೇರಿಂಗ್ ಸೆಟ್ಟುಗಳನ್ನು ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತಂದೆ.

ಬ್ಲಾಕ್ (ಸಿಲಿಂಡರುಗಳಿರುವ ಎಂಜಿನ್ ಒಡಲು) ವಾಪಸ್ ಬಂದಾಗ ನೋಡಲು ಹೊಸದರ ಹಾಗೇ ಇತ್ತು. ಸೀಮೆಎಣ್ಣೆಯಲ್ಲಿ ಒಂದು ಸಲ ಒರೆಸಿ ಜೋಡಿಸಲು ಕೂತೆ. ಕ್ರ್ಯಾಂಕಿಗೆ ಮೂರು ಮೇನ್ ಬೇರಿಂಗ್. ಮುಂದಿನದನ್ನು ಟೈಟ್ ಮಾಡಿ ಕೈಯಲ್ಲಿ ತಿರುಗಿಸಿದೆ, ಹಗುರವಾಗಿ ತಿರುಗಿತು. ನಡುವಿನದೂ ಸರಿ. ಹಿಂದಿನದನ್ನು ಬಿಗಿ ಮಾಡಿದ ಮೇಲೆ ಒಂದು ಕಡೆ ಬಂದು ಹಿಡಿಯುತ್ತಿತ್ತು.

ಪಕ್ಕದ ಮನೆಯ ಅಣ್ಣ ರಿಟೈರ್ಡ್ ಬಸ್ ಮೆಕ್ಯಾನಿಕ್. "ಓಡ್ತಾ ಓಡ್ತಾ ಸರಿ ಹೋಗಲ್ವಾ ಅಣ್ಣ?" ಎಂದು ಕೇಳಿದೆ. "ಕೈಗೆ ಬಿಗಿ ಅನ್ಸಿದ್ದು ಓಡುವಾಗ ಬೇರಿಂಗ್ ತಿನ್ನುತ್ತೆ ಕಣಪ್ಪ. ಬಿಚ್ಚು" ಅಂದರು.

ಬಿಚ್ಚಿದಾಗ ಶೆಲ್ಲಿನ, ಅಂದರೆ ಬೇರಿಂಗಿನ ಅರ್ಧಚಂದ್ರದ ಹೋಳಿನ, ಒಳಮೈಯಲ್ಲಿ ಸಾಸಿವೆ ಕಾಳಿನಷ್ಟು ಹೊಳೆಯುವ ಚುಕ್ಕೆ. ಶೆಲ್ ಎತ್ತಿ ಹಿಂಬದಿಯಲ್ಲಿ ಉಗುರು ಆಡಿಸಿದೆ. ಅದೇ ಜಾಗದಲ್ಲಿ ಕಬ್ಬಿಣದ ಒಂದು ಸಣ್ಣ ಚೂರು ಕೂತಿತ್ತು, ಬೋರಿಂಗ್ ಮಾಡಿದಾಗ ಉಳಿದದ್ದು. ತೊಳೆಯುವುದರಲ್ಲಿ ನಾನು ಅವಸರ ಮಾಡಿದ್ದೆ.

ಎಲ್ಲವನ್ನೂ ಮತ್ತೆ ಬಿಚ್ಚಿ, ಬ್ಲಾಕನ್ನು ಅಂಗಳಕ್ಕೆ ತಂದು ಬಿಸಿನೀರು, ಸೋಪಿನಪುಡಿ ಹಾಕಿ ಉಜ್ಜಿದೆ. ಆಯಿಲ್ ಹೋಗುವ ತೂತುಗಳಿಗೆ ಬಾಟಲಿ ತೊಳೆಯುವ ಬ್ರಷ್. ಹಾನಿಂಗ್ ಮಾಡಿದ (ಸಿಲಿಂಡರಿನ ಒಳಗೋಡೆ ಕಲ್ಲಿನಿಂದ ಉಜ್ಜಿದ) ಗೀರುಗಳೊಳಗಿನ ಪುಡಿ ಸೀಮೆಎಣ್ಣೆಗೆ ಪೂರ್ತಿ ಬಿಡುವುದಿಲ್ಲ, ಸೋಪುನೀರೇ ಬೇಕು. ಹಳೇ ಬಿಳಿ ಪಂಚೆಯ ತುಂಡಿನಲ್ಲಿ ಬೋರ್ ಒರೆಸುತ್ತಾ ಹೋದೆ. ಮೊದಲು ಬೂದುಬಣ್ಣ, ಆಮೇಲೆ ಮಸುಕು. ಬಟ್ಟೆ ಬೆಳ್ಳಗೇ ಉಳಿಯುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ನೀರು ಆರಿದ ತಕ್ಷಣ ಎಣ್ಣೆ ಸವರಿದೆ. ಬಿಟ್ಟರೆ ನೋಡನೋಡುತ್ತಲೇ ತುಕ್ಕು ಹಿಡಿಯುತ್ತದೆ. ಚುಕ್ಕೆ ಬಿದ್ದ ಶೆಲ್ ಹಾಕಲು ಮನಸ್ಸು ಒಪ್ಪಲಿಲ್ಲ, ಇನ್ನೊಂದು ಸೆಟ್ ತಂದೆ.

ಅಲ್ಲಿಂದ ಮುಂದೆ ಒಂದೊಂದು ಪಿಸ್ಟನ್ ಇಳಿಸಿದಾಗಲೂ ಕ್ರ್ಯಾಂಕ್ ತಿರುಗಿಸಿಯೇ ಮುಂದಕ್ಕೆ ಹೋದೆ. ರಿಂಗ್ ಬಂದಂತೆ ಸ್ವಲ್ಪ ಸ್ವಲ್ಪ ಬಿಗಿ ಏರುತ್ತದೆ, ಆದರೆ ಸುತ್ತಿಗೆಲ್ಲ ಒಂದೇ ಸಮ ಇರಬೇಕು. ಟೈಮಿಂಗ್ ಚೈನ್ ಹಾಕುವಾಗ ಎರಡು ಹಲ್ಲುಚಕ್ರಗಳ ಗುರುತಿನ ಚುಕ್ಕೆಗಳೂ ಎದುರುಬದುರು. ಹೆಡ್ (ಬ್ಲಾಕಿನ ಮೇಲಿನ ಮುಚ್ಚಳ) ನಟ್ಟುಗಳನ್ನು ನಡುವಿನಿಂದ ಹೊರಕ್ಕೆ, ಮೂರು ಸುತ್ತಿನಲ್ಲಿ ಟಾರ್ಕ್ ರೆಂಚ್ ಹಾಕಿ ಬಿಗಿದೆ. ಟ್ಯಾಪೆಟ್ಟಿಗೆ (ವಾಲ್ವಿನ ಸಂದು ಹೊಂದಿಸಲು) ಅಣ್ಣ ಒಂಬತ್ತರ ಲೆಕ್ಕ ಹೇಳಿಕೊಟ್ಟರು. ಎಂಟನೇ ವಾಲ್ವ್ ಪೂರ್ತಿ ತೆರೆದಾಗ ಒಂದನೆಯದನ್ನು ಸೆಟ್ ಮಾಡು, ಏಳು ತೆರೆದಾಗ ಎರಡು, ಹೀಗೆ ಕೂಡಿದರೆ ಒಂಬತ್ತು ಬರಬೇಕು. ಗ್ಯಾಪ್ 15 ಥೌ, ಅಂದರೆ ಇಂಚಿನ ಸಾವಿರ ಭಾಗದಲ್ಲಿ ಹದಿನೈದು.

ಎಂಜಿನ್ ಕೂರಿಸಲು ಬಾನೆಟ್, ರೇಡಿಯೇಟರ್ ತೆಗೆದು, ಮೂರು ಜಿಐ ಪೈಪುಗಳ ಮೂರುಕಾಲಿನ ಸ್ಟ್ಯಾಂಡಿಗೆ ಚೈನ್ ಬ್ಲಾಕ್ (ಭಾರ ಎತ್ತುವ ಸರಪಳಿ ರಾಟೆ) ಕಟ್ಟಿದೆವು. ಗೇರ್‌ಬಾಕ್ಸ್ ಕಾರಿನಲ್ಲೇ ಇತ್ತು. ಕ್ಲಚ್ ಪ್ಲೇಟ್ ಒಂಚೂರು ಪಕ್ಕಕ್ಕೆ ಕೂತರೂ ಗೇರ್‌ಬಾಕ್ಸಿನ ಶಾಫ್ಟ್ ಒಳಗೆ ಹೋಗುವುದಿಲ್ಲ. ಅದಕ್ಕೆ ಗುಜರಿಯಿಂದ ತಂದ ಹಳೇ ಗೇರ್ ಶಾಫ್ಟ್ ತೂರಿಸಿ ಪ್ಲೇಟನ್ನು ನಡುವಿಗೆ ತಂದು ಪ್ರೆಷರ್ ಪ್ಲೇಟ್ ಬಿಗಿದಿದ್ದೆ. ಆದರೂ ಎಂಜಿನ್ ಕೊನೆಯ ಎರಡು ಬೆರಳಿನಷ್ಟು ಕೂರದೆ ನಿಂತುಬಿಟ್ಟಿತು. ಬೋಲ್ಟ್ ಹಾಕಿ ಎಳೆಯಲು ಹೋಗಬೇಡಿ, ಪ್ಲೇಟ್ ಹಾಳಾಗುತ್ತದೆ. ಗೇರಿಗೆ ಹಾಕಿ, ಹ್ಯಾಂಡಲ್‌ನಿಂದ ಎಂಜಿನ್ ಸ್ವಲ್ಪ ತಿರುಗಿಸಿದೆವು. ಸರಕ್ಕನೆ ಕೂತಿತು.

ಪ್ಲಗ್ ಬಿಚ್ಚಿಟ್ಟು, ಆಯಿಲ್ ಪ್ರೆಷರ್ ಬರುವವರೆಗೆ ಸೆಲ್ಫ್ ಹೊಡೆದೆ. ಆಮೇಲೆ ಪ್ಲಗ್ ಹಾಕಿ, ವಯರುಗಳನ್ನು ಕಿಡಿ ಹಾರುವ ಸರದಿಯಾದ 1-3-4-2ಕ್ಕೆ ಜೋಡಿಸಿ, ಅಪ್ಪನನ್ನು ಸ್ಟೇರಿಂಗ್ ಹಿಂದೆ ಕೂರಿಸಿದೆ. ಮೂರನೇ ಸಲಕ್ಕೆ ಹಿಡಿಯಿತು. ಬಿಸಿಯಾದ ಮೇಲೆ ಟ್ಯಾಪೆಟ್ ಮತ್ತೆ ನೋಡಿದೆ, ಎರಡನ್ನು ಸರಿಪಡಿಸಬೇಕಾಯಿತು. ಅಷ್ಟೊತ್ತೂ ಅಪ್ಪ ಕಾರಿನಿಂದ ಇಳಿಯಲೇ ಇಲ್ಲ.