ಜೀಪಿನ ಶಾಕ್‌ಗೆ ಹೊರಗಡೆ ಡಬ್ಬಿ: ನನ್ನ ಅನುಭವ

ಶಾಕ್ ಅಬ್ಸಾರ್ಬರ್‌ನಿಂದ ಹೋಸ್ ಎಳೆದು ಚಾಸಿಗೆ ಕಟ್ಟುವ ಆ ಡಬ್ಬಿ ಇರುವುದು ಆಯಿಲ್ ತಂಪು ಮಾಡುವುದಕ್ಕೆ ಎಂದು ಬಹಳ ಮಂದಿ ನಂಬಿದ್ದಾರೆ. ಉಳಿದವರು ಅದನ್ನು ಶೋಕಿ ಎನ್ನುತ್ತಾರೆ. ನನ್ನ ಮಹೀಂದ್ರ ಎಂಎಂ 540 ಜೀಪಿಗೆ ನಾನೇ ಮುಂದೆ ನಿಂತು ಮಾಡಿಸಿದ ಶಾಕ್‌ಗಳು ಮಳೆಗಾಲಗಳನ್ನು ದಾಟಿ ಕೊಡಗಿನ ಮಾಂದಲ್‌ಪಟ್ಟಿಯ ಕಲ್ಲುದಾರಿಯಲ್ಲಿ ಇನ್ನೂ ಗಟ್ಟಿಯಾಗಿ ಓಡುತ್ತಿವೆ. ಆ ಧೈರ್ಯದಿಂದ ಹೇಳುತ್ತೇನೆ: ಡಬ್ಬಿಯ ಮೊದಲ ಕೆಲಸ ಶಾಕ್ ಒಳಕ್ಕೆ ನುಗ್ಗುವ ರಾಡ್‌ಗೆ ಜಾಗ ಬಿಡುವುದು, ಆಯಿಲ್ ಮೇಲೆ ಸದಾ ಒತ್ತಡ ಇಡುವುದು. ತಂಪು ಆಮೇಲಿನ ಮಾತು.

ಮಾಮೂಲಿ ಶಾಕ್‌ನ ಪಾಡು ಜೀಪು ಓಡಿಸುವವರಿಗೆ ಗೊತ್ತೇ ಇದೆ. ಕಲ್ಲುದಾರಿ ಶುರುವಾದ ಸ್ವಲ್ಪ ಹೊತ್ತಿಗೆಲ್ಲ ಗಾಡಿ ಕುಣಿಯತೊಡಗುತ್ತದೆ, ಇಳಿದು ಮುಟ್ಟಿದರೆ ಕೈ ಸುಡುತ್ತದೆ. ಹಾಗೆ ಸೋತ ಒಂದನ್ನು ಬಿಸಿ ಆರುವ ಮೊದಲೇ ಬಿಚ್ಚಿ, ಹ್ಯಾಕ್ಸಾದಲ್ಲಿ ಕೊಯ್ದು ನೋಡಿದೆ. ಅದು ಗ್ಯಾಸ್ ತುಂಬದ ಹಳೆಯ ಮಾದರಿಯ ಶಾಕ್. ಒಳಗಿನ ಆಯಿಲ್ ಕಡೆದ ಮಜ್ಜಿಗೆಯಂತೆ ನೊರೆ ಎದ್ದಿತ್ತು. ಆಯಿಲ್ ಹರಿವನ್ನು ತಡೆದು ಕುಣಿತ ಇಳಿಸುವ ವಾಲ್ವ್ ನೊರೆಯನ್ನು ಹಿಡಿದು ನಿಲ್ಲಿಸಲಾರದು, ನೊರೆ ಸಲೀಸಾಗಿ ನುಗ್ಗಿ ಹೋಗುತ್ತದೆ. ಆಯಿಲ್ ಮತ್ತು ಗಾಳಿ ಬೆರೆಯದಂತೆ ನಡುವೆ ತೇಲುವ ಪಿಸ್ಟನ್ ಒಂದನ್ನು ಇಟ್ಟು, ಅದರ ಹಿಂದೆ ನೈಟ್ರೋಜನ್ ತುಂಬುವ ಉಪಾಯಕ್ಕೆ ಎಪ್ಪತ್ತು ವರ್ಷ ದಾಟಿದೆ. ಆದರೆ ಅದನ್ನು ಶಾಕ್‌ನ ಒಳಗೇ ಇಟ್ಟರೆ ಎಂಟು ಒಂಬತ್ತು ಸೆಂಟಿಮೀಟರ್ ಉದ್ದ ಅದಕ್ಕೇ ಹೋಗುತ್ತದೆ. ಜೀಪಿನ ಆಕ್ಸಲ್‌ಗೂ ಚಾಸಿಗೂ ನಡುವೆ ಅಷ್ಟು ಜಾಗ ಎಲ್ಲಿಂದ ತರುವುದು? ಆದ್ದರಿಂದ ಪಿಸ್ಟನ್ನೂ ಗ್ಯಾಸೂ ಹೊರಗಿನ ಡಬ್ಬಿಗೆ ಹೋಗಬೇಕು.

ಹೊರದೇಶದ ನಾಲ್ಕು ಶಾಕ್‌ಗಳ ಸೆಟ್‌ಗೆ ಲಕ್ಷದ ಮೇಲೆ ಹೇಳಿದರು. ನಾನು ಬೆಂಗಳೂರಿನ ಪೀಣ್ಯದಿಂದ 50 ಮಿ.ಮೀ. ಒಳವ್ಯಾಸದ, ಹೋನಿಂಗ್ ಮಾಡಿ ಒಳಮೈ ನುಣುಪಾಗಿಸಿದ ಟ್ಯೂಬ್ ತಂದೆ. ಹೈಡ್ರಾಲಿಕ್ ಸಿಲಿಂಡರ್ ರಿಪೇರಿಯವರು ಬಳಸುವ 16 ಮಿ.ಮೀ. ಹಾರ್ಡ್ ಕ್ರೋಮ್ ರಾಡ್ ಅಲ್ಲೇ ಸಿಕ್ಕಿತು. ಲೇತ್ ಕೆಲಸದ ಕೂಲಿ ಸೇರಿ ನಾಲ್ಕಕ್ಕೆ ಇಪ್ಪತ್ತೆಂಟು ಸಾವಿರದ ಆಸುಪಾಸು. ಹಾಳಾದದ್ದನ್ನೂ ಲೆಕ್ಕ ಹಿಡಿದರೆ ನಲವತ್ತೈದು ಸಾವಿರ ಮುಟ್ಟಿತು. "ಅಷ್ಟು ದುಡ್ಡಿಗೆ ಹತ್ತು ಜೊತೆ ಮಾಮೂಲಿ ಶಾಕ್ ಬರುತ್ತಿತ್ತಲ್ಲ ಅಣ್ಣ" ಎಂದು ಸ್ಟ್ಯಾಂಡಿನಲ್ಲಿ ದಿನಾ ಕೇಳಿಸಿಕೊಂಡಿದ್ದೇನೆ.

ಹಾಳಾದದ್ದೇನು? ತಳ ವೆಲ್ಡ್ ಮಾಡಿದ ಡಬ್ಬಿಗಳಲ್ಲಿ ಕಣ್ಣಿಗೆ ಕಾಣದ ಸೂಜಿರಂಧ್ರಗಳು. ರಾತ್ರಿ ತುಂಬಿದ ಗ್ಯಾಸ್ ಬೆಳಿಗ್ಗೆ ಇಲ್ಲ. ವೆಲ್ಡಿಂಗ್ ಬಿಟ್ಟು ಎರಡೂ ಕಡೆ ಥ್ರೆಡ್ ಕೊಟ್ಟು ಓ-ರಿಂಗ್ ಕೂರಿಸಿದ ಮೇಲೆ ಸೋರಿಕೆ ನಿಂತಿತು. ನೈಟ್ರೈಲ್ ರಬ್ಬರಿನ ಸೀಲ್‌ಗಳು ಬಿಸಿಗೆ ಗಟ್ಟಿಯಾಗಿ ಒಡೆದವು, ವಿಟಾನ್ ರಬ್ಬರ್ ತಡೆದುಕೊಂಡಿತು. ಜೆಸಿಬಿಗೆ ಹಾಕುವ ಎರಡು ಪದರ ತಂತಿಯ ಹೋಸ್ ಬಾಗದೆ ಫಿಟ್ಟಿಂಗನ್ನೇ ಸಡಿಲಿಸಿತು. ಕಾಲಿಂಚಿನ ಒಂದು ಪದರದ ಹೋಸ್ ಧಾರಾಳ ಸಾಕು, ಅದರ ತಾಳಿಕೆಯೇ 200 ಬಾರ್‌ಗಿಂತ ಮೇಲೆ.

ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಗ್ಯಾಸ್. ಟೈರ್ ಅಂಗಡಿಯ ನೈಟ್ರೋಜನ್ ಯಂತ್ರ ಇರುವುದು ಟೈರಿನ ಒತ್ತಡಕ್ಕೆ, ಅದು ಈ ಕೆಲಸಕ್ಕೆ ಆಗದು. ಒತ್ತಡ ಕಡಿಮೆ ಇದ್ದರೆ ರಾಡ್ ರಭಸವಾಗಿ ಒಳನುಗ್ಗುವಾಗ ಅದರ ತುದಿಯ ಪಿಸ್ಟನ್ ಹಿಂದೆ ಆಯಿಲ್ ತುಂಬಿಕೊಳ್ಳದೆ ಟೊಳ್ಳು ಬೀಳುತ್ತದೆ. ಮತ್ತೆ ಹೊರಬರುವಾಗ ಮೊದಲ ಒಂದೆರಡು ಸೆಂಟಿಮೀಟರ್ ಖಾಲಿ ಜಗ್ಗಿದಂತೆ ಇರುತ್ತದೆ, ಗುಂಡಿಯಲ್ಲಿ "ಟಕ್" ಎನ್ನುತ್ತದೆ. ದೊಡ್ಡ ಸಿಲಿಂಡರ್ ಬಾಡಿಗೆಗೆ ತಂದು, ಆರು ಸಾವಿರ ಕೊಟ್ಟು ರೆಗ್ಯುಲೇಟರ್ ಕೊಂಡು 200 ಪಿಎಸ್ಐಗೆ ಏರಿಸಿದೆ. ಆ ಶಬ್ದ ಮಾಯವಾಯಿತು. ಒತ್ತಡ ಸರಿ ಇದೆಯೇ ಎಂಬುದು ಕೈಗೇ ತಿಳಿಯುತ್ತದೆ: ಶಾಕನ್ನು ನೆಲಕ್ಕೆ ಊರಿ ರಾಡನ್ನು ಒತ್ತಿದರೆ ಇಪ್ಪತ್ತೆಂಟು ಕಿಲೋದಷ್ಟು ಎದುರು ಒತ್ತು ಸಿಗಬೇಕು, ಬಿಟ್ಟರೆ ನಿಧಾನವಾಗಿ ತಾನೇ ಪೂರ್ತಿ ಹೊರಬರಬೇಕು. ಗೇಜ್ ಹಾಕಿ ಪದೇ ಪದೇ ನೋಡಬೇಡಿ. ಡಬ್ಬಿಯ ಗ್ಯಾಸ್ ಸ್ವಲ್ಪವೇ ಇರುವುದರಿಂದ ಗೇಜಿನ ಪೈಪೇ ಒಂದಷ್ಟನ್ನು ನುಂಗುತ್ತದೆ.

ಇನ್ನು ತಂಪಿನ ವಿಷಯ. 16 ಮಿ.ಮೀ. ರಾಡ್ 20 ಸೆಂಟಿಮೀಟರ್ ಒಳಹೋದರೆ ಅದು ಪಕ್ಕಕ್ಕೆ ತಳ್ಳುವುದು 40 ಸಿಸಿ ಆಯಿಲ್ ಮಾತ್ರ. ಡಬ್ಬಿಯೊಳಗಿನ ಪಿಸ್ಟನ್ ಕದಲುವುದು ಎರಡೇ ಸೆಂಟಿಮೀಟರ್. ಹೆಚ್ಚುಕಡಿಮೆ ಅದೇ ಆಯಿಲ್ ಹೋಸ್‌ನಲ್ಲಿ ಹೋಗಿ ಬರುತ್ತಿರುತ್ತದೆ. ಬೆಟ್ಟ ಹತ್ತಿದ ಕೂಡಲೇ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದಾಗ ಶಾಕ್ 85 ಡಿಗ್ರಿ ಸುಮಾರಿಗಿತ್ತು, ಡಬ್ಬಿ 50ರ ಹತ್ತಿರ. ಬಿಸಿ ಆಯಿಲ್ ಡಬ್ಬಿಗೆ ಬಂದು ತಣಿಯುವುದಾಗಿದ್ದರೆ ಇಷ್ಟು ಅಂತರ ಇರುತ್ತಿರಲಿಲ್ಲ. ಹೌದು, ಒಟ್ಟು ಆಯಿಲ್ ಹೆಚ್ಚಿದ್ದರಿಂದ ಬಿಸಿಯೇರುವುದು ತುಸು ತಡವಾಗುತ್ತದೆ.

ನಡುವೆ ಚಿಕ್ಕ ಡಬ್ಬಿಯನ್ನೂ ಹಾಕಿ ನೋಡಿದೆ. ಗ್ಯಾಸಿನ ಜಾಗ 100 ಸಿಸಿ ಇದ್ದಾಗ ರಾಡ್ ಪೂರ್ತಿ ಒಳಹೋದರೆ ಅದು 60ಕ್ಕೆ ಇಳಿದು ಒತ್ತಡ ಒಂದೂವರೆ ಪಟ್ಟು ಮೀರುತ್ತದೆ, ಕೊನೆಯಲ್ಲಿ ಗಾಡಿ ಒದ್ದಂತಾಗುತ್ತದೆ. 160 ಸಿಸಿ ಕೊಟ್ಟ ಮೇಲೆ ಹದವಾಯಿತು. ಸೈಲೆನ್ಸರ್ ಪಕ್ಕ ಮಾತ್ರ ಕಟ್ಟಲೇಬೇಡಿ. 60 ಡಿಗ್ರಿ ಹೆಚ್ಚು ಬಿಸಿಯಾದರೆ ಒತ್ತಡ ಐದನೇ ಒಂದು ಭಾಗ ಏರುತ್ತದೆ.

ಶಿಮ್, ಅಂದರೆ ವಾಲ್ವ್ ಮೇಲೆ ಕೂತು ಆಯಿಲ್ ತಡೆಯುವ ತೆಳು ಬಿಲ್ಲೆಗಳ ವಿಷಯದಲ್ಲಿ ಕೈ ಬಿಗಿ ಇರಲಿ. 0.15 ಬದಲು 0.20 ಮಿ.ಮೀ. ಶಿಮ್ ಎಂದರೆ ಕೂದಲೆಳೆಯ ವ್ಯತ್ಯಾಸ, ಆದರೆ ಬಿಗಿ ಎರಡು ಪಟ್ಟಿಗೂ ಹೆಚ್ಚು. ನಮ್ಮ ಜೀಪಿನ ಲೀಫ್ ಸ್ಪ್ರಿಂಗ್ ಪ್ಲೇಟ್‌ಗಳು ಒಂದಕ್ಕೊಂದು ಉಜ್ಜಿಕೊಂಡು ತಾವೇ ಒಂದಷ್ಟು ತಡೆಯುತ್ತವೆ, ಆದ್ದರಿಂದ ರಾಡ್ ಒಳಹೋಗುವ ಕಡೆ ಮೆದುವಾಗಿ ಬಿಟ್ಟು ಹೊರಬರುವ ಕಡೆ ಬಿಗಿ ಮಾಡಿದೆ. ಯಾವ ಶಿಮ್ ಯಾವುದರ ಮೇಲೆ ಎಂಬ ಕ್ರಮ ನನ್ನ ಬಳಿಯೇ ಇರಲಿ, ಅದಕ್ಕೆ ಬಹಳ ಆಯಿಲ್ ಚೆಲ್ಲಿದ್ದೇನೆ. ಹೋಸ್‌ನ ತಿರುವಿನಲ್ಲಿ ಕೂತ ಕೊನೆಯ ಗುಳ್ಳೆಯನ್ನು ಹೊರತರುವ ಬಗೆಯೂ ಅಷ್ಟೇ. ರಾಡನ್ನು ನಿಧಾನವಾಗಿ ಆಡಿಸಿ, ಮರದ ಸುತ್ತಿಗೆಯಿಂದ ತಟ್ಟುತ್ತಾ ಹೋದರೆ ಮುಕ್ಕಾಲು ಪಾಲು ಗುಳ್ಳೆ ಬರುತ್ತದೆ ಎಂಬುದಷ್ಟನ್ನು ಹೇಳಬಲ್ಲೆ.

ಹತ್ತು ಜೊತೆ ಶಾಕ್‌ನ ಲೆಕ್ಕ ಹೇಳಿದವರ ಪೈಕಿ ಇಬ್ಬರ ಜೀಪಿಗೆ ಈಗ ನಾನೇ ಮಾಡಿಕೊಡುತ್ತಿದ್ದೇನೆ. ಒಂದು ಜೊತೆ ಶಾಕ್‌ಗೆ ಹದಿನಾರು ಸಾವಿರ, ಗ್ಯಾಸ್ ಸೇರಿ. ಅವರಿಗೆ ಹೇಳಿದ್ದನ್ನೇ ಇಲ್ಲಿಯೂ ಹೇಳುತ್ತೇನೆ: ವಾಲ್ವ್‌ನಿಂದ ಗ್ಯಾಸ್ ಪೂರ್ತಿ ಬಿಡದೆ ಡಬ್ಬಿಯ ಮುಚ್ಚಳಕ್ಕೆ ಸ್ಪ್ಯಾನರ್ ಹಾಕಬೇಡಿ, ಮುಖವನ್ನು ಅದರ ನೇರಕ್ಕೆ ತರಬೇಡಿ.